ಮಿನುಗದ ದೀಪ

ಸಕಲೇಶಪುರ
ಆಗಸ್ಟ್ 9

ಪ್ರೀತಿಯ ಆಲ್ಬರ್ಟ್,

ಹೇಗಿದ್ದೀಯ? ಕೈ ನಡುಕ ಕಡಿಮೆಯಾಯಿತೇ? ಅನ್ನ ಸೇರುತ್ತಿದೆಯೇ? ಕುಡಿತ ಬಿಡಿಸುವ ಕೇಂದ್ರದಲ್ಲಿ ಫೋನು ಕೊಡುವುದಿಲ್ಲವಂತೆ, ಅದಕ್ಕೇ ಈ ಕಾಗದ. ಎಡಕುಮೇರಿ ಹತ್ತಿರ ಗುಡ್ಡ ಜರಿದು ಮಂಗಳೂರಿನ ರೈಲು ನಿಂತಿದೆ, ಭಾನುವಾರ ಬರಲಾಗಲಿಲ್ಲ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂದು ನನಗಿನ್ನೂ ತಿಳಿಯುತ್ತಿಲ್ಲ ಮಾರಾಯ. ಚರ್ಚಿನಲ್ಲಿ ಎಲ್ಲರೂ ನನ್ನನ್ನು ವಿಚಾರಿಸುತ್ತಾರೆ, ನಿನ್ನ ಹೆಸರು ಮಾತ್ರ ಯಾರೂ ಎತ್ತುವುದಿಲ್ಲ. ನಾನೂ ಅದನ್ನು ಬಾಯಿ ಬಿಟ್ಟು ಹೇಳಿ ಬಹಳ ದಿನವಾಯಿತು.

ಮಂಗಳವಾರ ಆಸ್ಪತ್ರೆಯ ಎಕ್ಸ್‌ರೇಗಳನ್ನೆಲ್ಲ ಇಟ್ಟುಕೊಂಡಿರುವ ನಿನ್ನ ಸರ್ವರ್ ಬೀಪ್ ಬೀಪ್ ಎಂದು ಕೂಗಿಕೊಂಡಿತು. ಬಿಲ್ಲಿಂಗ್ ಕೌಂಟರಿನಲ್ಲಿದ್ದ ನನ್ನನ್ನೇ ಡಾಕ್ಟರಮ್ಮ ಕರೆದರು, ನಿನ್ನ ಪಕ್ಕ ಕೂತು ಕಲಿತವಳು ಆಸ್ಪತ್ರೆಯಲ್ಲಿ ಇನ್ಯಾರಿದ್ದಾರೆ? ನಾಲ್ಕು ಡಿಸ್ಕ್‌ಗಳಲ್ಲಿ ಒಂದು ಸತ್ತಿತ್ತು. ಉಳಿದ ಮೂರು ಹೇಗೋ ತಾಳಿಕೊಂಡಿದ್ದವು. ಸತ್ತದ್ದೆಂದು ತಪ್ಪಿ ಜೀವಂತವಾದದ್ದನ್ನು ಎಳೆದರೆ ಅಷ್ಟೂ ವರ್ಷಗಳ ಎಕ್ಸ್‌ರೇ ಹೋದಂತೆ. ಹೊರಗೆ ಬೆಂಚಿನ ಮೇಲೆ ಹೆತ್ತೂರಿನ ವೀರಭದ್ರಯ್ಯ ಕೂತಿದ್ದರು. ಎದೆಯಲ್ಲಿ ಕಂಡ ಕಲೆ ಹೊಸದೋ ಹಳೆಯದೋ ಎಂದು ತಿಳಿಯಲು ಅವರ ಹಳೆಯ ಚಿತ್ರ ಬೇಕಿತ್ತು.

ಕಾಣೆಯಾದದ್ದು ಎರಡನೆಯ ಡಿಸ್ಕ್ ಎಂದು ಪರದೆ ತೋರಿಸಿತು. ನೀನು ಎರಡು ಎಂದು ಚೀಟಿ ಅಂಟಿಸಿದ್ದ ಡಿಸ್ಕಿನ ಹಿಡಿಗೆ ಕೈ ಹಾಕಿಯೂ ಆಗಿತ್ತು. ಆಗ ನಿನ್ನ ಮಾತು ನೆನಪಾಯಿತು: ಪರದೆ ಡಿಸ್ಕಿಗೆ ಕೊಡುವ ಹೆಸರನ್ನು, ನಂಬರನ್ನು ನಂಬಬೇಡ ಕ್ರಿಸ್ಟೀನ್, ಮಷೀನು ಏಳುವಾಗಲೆಲ್ಲ ಅದು ಬದಲಾಗುತ್ತದೆ. ಕೈ ಹಿಂದೆ ತೆಗೆದೆ. ವಾಚ್‌ಮನ್ ಬೋರಯ್ಯನನ್ನು ಸರ್ವರ್ ಮುಂದೆ ನಿಲ್ಲಿಸಿ, ನಾನು ಆಚೆ ಕೋಣೆಯಿಂದ ಬದುಕಿರುವ ಮೂರನ್ನೂ ಒಟ್ಟಿಗೆ ಓದಲು ಹಚ್ಚಿದೆ. ಕೆಲಸ ಮಾಡುವ ಡಿಸ್ಕಿನ ದೀಪ ಮಿನುಗಲೇಬೇಕಲ್ಲ.

“ಮೂರು ಮಿಣುಕ್ತಾವೆ ಕಣಕ್ಕ. ಕೆಳಗಿನ್ದು ಸುಮ್ನೆ ಐತೆ,” ಎಂದ.

ಕೆಳಗಿನದರ ಮೇಲಿದ್ದ ನಿನ್ನ ಚೀಟಿ ನಾಲ್ಕು. ಬೇರೆಯವರು ಯಾರೂ ಇರಲಿಲ್ಲ ಕೇಳಲು. ಅದನ್ನೇ ಎಳೆದೆ. ಅದರ ಮೈಮೇಲಿನ ಸೀರಿಯಲ್ ನಂಬರನ್ನು ಪರದೆ ತೋರಿಸುತ್ತಿದ್ದ ಬದುಕಿರುವ ಮೂರರ ನಂಬರುಗಳ ಜೊತೆ ಹೋಲಿಸಿದೆ, ಯಾವುದಕ್ಕೂ ಹೊಂದಲಿಲ್ಲ. ಅಂದರೆ ಸತ್ತದ್ದು ಅದೇ. ಹೊಸದನ್ನು ಹಾಕಿ, ಉಳಿದ ಮೂರರಿಂದ ಅದು ತುಂಬಿಕೊಳ್ಳಲೆಂದು ಸಂಜೆಯವರೆಗೂ ಅದರ ಪಕ್ಕ ಕಾದೆ. ವೀರಭದ್ರಯ್ಯನವರ ಚಿತ್ರ ಸಿಕ್ಕಿತು. ಕಲೆ ಹಳೆಯದೇ, ಬೆಳೆದಿಲ್ಲವಂತೆ. ಬಾಗಿಲಲ್ಲಿ ನಿಂತು, “ಬದುಕ್ಕೊಂಡೆ ಕಣವ್ವ,” ಎಂದು ಹೇಳಿ ಬಸ್ಸಿಗೆ ಹೋದರು. ಮನೆಗೆ ಬಂದು ಇದನ್ನೆಲ್ಲ ಹೇಳಲು ಬಾಯಿ ತೆರೆದೆ. ನೀನಿರಲಿಲ್ಲ.

ಔಷಧಿ ತಪ್ಪಿಸಬೇಡ. ಮಾತೆ ಮರಿಯಮ್ಮ ನಿನ್ನ ಕೈ ಹಿಡಿದಿರಲಿ.

ನಿನ್ನ
ಕ್ರಿಸ್ಟೀನ್

ಮರೆತೆ: ಟಪಾಲಿನವರು ಬಂದುಬಿಟ್ಟರು, ಬೇಗ ಬರೆಯುತ್ತೇನೆ. ಆಸ್ಪತ್ರೆಯಲ್ಲಿ ನೀನು ಮಾಡುತ್ತಿದ್ದ ಕೆಲಸವನ್ನು ಡಾಕ್ಟರಮ್ಮ ನನಗೇ ಖಾಯಂ ಮಾಡಿದ್ದಾರೆ. ಒಪ್ಪಿಕೊಂಡೆ. ನೀನು ಬಂದ ಮೇಲೂ ಬಿಟ್ಟುಕೊಡುವುದಿಲ್ಲ, ನನಗೆ ಅದು ಇಷ್ಟ. ಆ ಕುರ್ಚಿ ಇಲ್ಲದಿದ್ದರೂ ಮನೆಗೆ ಬರುತ್ತೀಯಾ? ಅದೊಂದನ್ನು ಬರೆ.