ಸ್ವಿಚ್ ಪೆಟ್ಟಿಗೆಯ ಬಳಿ ಕೂರುತ್ತಿದ್ದವನನ್ನು ಎಬ್ಬಿಸಿದವರಿಗೆ

ವಿದ್ಯುತ್ ಸಂಸ್ಥೆಯ ವ್ಯವಸ್ಥಾಪಕ ನಿರ್ದೇಶಕರಾದ ಮಾನ್ಯರೇ,

ನನ್ನ ಮಗ ನಿಮ್ಮಲ್ಲಿ ಲೈನ್‌ಮನ್ ಆಗಿದ್ದ. ಐದು ತಿಂಗಳ ಹಿಂದೆ, ಬೆಳಗಿನ ಹನ್ನೊಂದು ಗಂಟೆಗೆ, ಅವನು ಕಂಬದ ಮೇಲಿರುವಾಗಲೇ ನಿಮ್ಮ ಇನ್ನೊಬ್ಬ ನೌಕರ ಕೆಳಗೆ ಸ್ವಿಚ್ ಹಾಕಿದ. ನಿಮ್ಮ ಪತ್ರ ಇದನ್ನು ‘ಸಮನ್ವಯದ ಕೊರತೆ’ ಎಂದು ಕರೆಯುತ್ತದೆ. ಮನೆಯಲ್ಲಿ ನಾವು ಸಾವು ಎನ್ನುತ್ತೇವೆ.

ನಿಮ್ಮದು ಇನ್ನೂ ಇಲಾಖೆಯಾಗಿದ್ದಾಗ ಒಂದು ಪದ್ಧತಿಯಿತ್ತು. ಒಬ್ಬ ಕಂಬ ಹತ್ತಿದರೆ ಇನ್ನೊಬ್ಬ ಸ್ವಿಚ್ ಪೆಟ್ಟಿಗೆಗೆ ಬೀಗ ಹಾಕಿ, ಅದಕ್ಕೆ ಬೆನ್ನುಕೊಟ್ಟು ಸ್ಟೂಲಿನ ಮೇಲೆ ಕೂರುತ್ತಿದ್ದ. ಹತ್ತಿದವನು ಇಳಿಯುವವರೆಗೆ ಅವನು ಏಳುವಂತಿರಲಿಲ್ಲ. ನನ್ನ ಮಗನ ಪಾಲಿಗೆ ಹಾಗೆ ಕೂರುತ್ತಿದ್ದ ಹಿರಿಯನನ್ನು ಅವನು ದೊಡ್ಡಪ್ಪ ಎನ್ನುತ್ತಿದ್ದ. ಒಮ್ಮೆ ಬುತ್ತಿ ಕೊಡಲು ಹೋದಾಗ ಅವರಿಬ್ಬರ ಮಾತನ್ನು ನಾನೇ ಕೇಳಿಸಿಕೊಂಡಿದ್ದೇನೆ. ಕಂಬದ ಮೇಲಿಂದ ಮಗ ಕೂಗಿದ:

“ಏನ್ ದೊಡ್ಡಪ್ಪ, ಕೂತು ಕೂತು ಬೇರು ಬಿಟ್ಯೋ ಹೇಗೆ?”

“ನೀನು ಇಳಿಯೋ ತನಕ ಬ್ರಹ್ಮ ಬಂದು ಎಬ್ಬಿಸಿದ್ರೂ ಏಳಲ್ಲ ಕಣೋ. ಹರಟೆ ಬಿಟ್ಟು ಕೆಲಸ ನೋಡು.”

ಇಲಾಖೆ ಕಂಪನಿಯಾಯಿತು. ಗೋಡೆಗೆ ಧ್ಯೇಯವಾಕ್ಯ ಬಂತು. ಗಡಿಯಾರ ಹಿಡಿದು ಬಂದ ಸಲಹೆಗಾರರು, ಒಬ್ಬ ದುಡಿಯುತ್ತಾನೆ, ಒಬ್ಬ ಸುಮ್ಮನೆ ಕೂರುತ್ತಾನೆ ಎಂಬ ಮಹಾಸತ್ಯವನ್ನು ಕಂಡುಹಿಡಿದರು. ದೊಡ್ಡಪ್ಪನನ್ನು ದೂರು ಸ್ವೀಕರಿಸುವ ಕೌಂಟರಿಗೆ ಕಳಿಸಿದಿರಿ. ಕಂಬ ‘ನಿರ್ವಹಣಾ ಘಟಕ’ದ ಪಾಲಾಯಿತು, ಸ್ವಿಚ್ಚು ಮತ್ತು ಬೀಗದ ಕೈ ‘ಸರಬರಾಜು ಘಟಕ’ದ ಪಾಲಾದವು. ಕರೆಂಟು ಹೋದ ನಲವತ್ತು ನಿಮಿಷದೊಳಗೆ ಮರಳಿಸುವುದು ಈ ಎರಡನೆಯವರ ಗುರಿ. ಆ ದಿನ ಅವರು ಗುರಿ ಮುಟ್ಟಿದರು. ಸ್ವಿಚ್ ಹಾಕಿದವನ ಮೇಲೆ ನನಗೆ ಕೋಪವಿಲ್ಲ. ಅವನು ನಿಮ್ಮ ಆದೇಶ ಪಾಲಿಸಿದ.

ಪ್ರತಿಸ್ಪರ್ಧಿಯೇ ಇಲ್ಲದ ಸಂಸ್ಥೆಗೆ ವ್ಯಾಪಾರಿಯ ವೇಷವೇಕೆ? ಪಕ್ಕದ ಅಂಗಡಿಯಲ್ಲಿ ನಾವು ಕರೆಂಟು ಕೊಳ್ಳಬಲ್ಲೆವೇ? ನಿಮ್ಮ ಹಿರಿಯ ಅಧಿಕಾರಿಯೊಬ್ಬರನ್ನೇ ಕೇಳಿದೆ. ಅವರು ಬಾಗಿಲತ್ತ ನೋಡಿ ದನಿ ತಗ್ಗಿಸಿದರು: “ಅಕ್ಕಪಕ್ಕದ ರಾಜ್ಯದವರೆಲ್ಲ ಕಂಪನಿ ಆದ್ರು ಸಾರ್. ನಾವೊಬ್ಬರೇ ಹಾಗೇ ಉಳಿದಿದ್ರೆ ಹಳೇ ತಲೆಗಳು ಅಂತಿದ್ರು. ಮೇಲಿನವರಿಗೂ ಅದೇ ಬೇಕಿತ್ತು.”

“ಕೆಲಸ ಸುಧಾರಿಸಿತೇ?”

“ಅದನ್ನ ಯಾರೂ ಕೇಳಲಿಲ್ಲ.”

ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಎನ್ನುತ್ತಾರೆ. ನಿಮ್ಮ ನರಿ ಅದಕ್ಕಿಂತ ಜಾಣ; ಬರೆಯನ್ನು ಬೇರೆಯವರ ಮೈಮೇಲೆ ಹಾಕಿತು.

ಒಂದನ್ನು ಮುಚ್ಚಿಡಲಾರೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ಸರ್ಕಾರಿ ಕಚೇರಿಗಳು ವ್ಯಾಪಾರಿ ಸಂಸ್ಥೆಗಳಂತೆ ನಡೆಯಬೇಕು’ ಎಂದು ವಾದಿಸಿ ಮೊದಲ ಬಹುಮಾನ ಪಡೆದವನು ನಾನು. “ಲಾಭ ಕಾಣಿಸದ ಕೆಲಸವನ್ನು ಆಗ ಯಾರು ಮಾಡುತ್ತಾರೆ?” ಎಂದು ಎದುರಾಳಿ ಹುಡುಗಿ ಕೇಳಿದ್ದಳು. ನಾನೊಂದು ಚಟಾಕಿ ಹಾರಿಸಿದೆ, ಸಭೆ ನಕ್ಕಿತು, ಗೆದ್ದೆ. ಉತ್ತರ ಮಾತ್ರ ಕೊಟ್ಟಿರಲಿಲ್ಲ.

ನನಗೆ ಸಂತಾಪ ಬೇಡ, ತನಿಖಾ ಸಮಿತಿಯೂ ಬೇಡ. ಕಂಬಕ್ಕೊಬ್ಬ, ಸ್ವಿಚ್ಚಿಗೊಬ್ಬ, ಇಬ್ಬರಿಗೂ ಒಬ್ಬನೇ ಮೇಲಧಿಕಾರಿ ಎಂಬ ಆದೇಶಕ್ಕೆ ನಿಮ್ಮ ಸಹಿ ಬೇಕು. ಅದು ಬರುವವರೆಗೆ ಮಗನ ಜೊತೆಗಾರರು ಕಂಬ ಹತ್ತುವ ಮುನ್ನ ನನಗೆ ಫೋನ್ ಮಾಡುತ್ತಾರೆ. ಕಳೆದ ಸೋಮವಾರದಿಂದ ಪೆಟ್ಟಿಗೆಯ ಮುಂದೆ ನಾನೇ ಕೂರುತ್ತಿದ್ದೇನೆ. ಅತಿಕ್ರಮಣವೆಂದು ನಿಮ್ಮ ನೋಟಿಸು ಬಂದಿದೆ, ಓದಿದ್ದೇನೆ. ನಾಳೆಯೂ ಕೂರುತ್ತೇನೆ.

ಇಂತಿ,
ನಿಮ್ಮ ಯಾವ ಘಟಕಕ್ಕೂ ಸೇರದೆ, ಐದು ತಿಂಗಳು ತಡವಾಗಿ ಕೆಲಸಕ್ಕೆ ಹಾಜರಾದ ಒಬ್ಬ ತಂದೆ