ಒಂಬತ್ತನೆಯ ಅಧ್ಯಾಯದ ನೀರು

ಹಿನೊಸೆ, ಕ್ಯೂಶೂ
ಜೂನ್ ೧೧

ಪ್ರೀತಿಯ ತೊಕಿಕೊ,

ನಿನ್ನೆಯಿಂದ ಮಳೆಗಾಲ ಶುರುವಾಯಿತೆಂದು ರೇಡಿಯೊದಲ್ಲಿ ಹೇಳಿದರು. ಕ್ಷೇಮ ಸಮಾಚಾರ ವಿಚಾರಿಸುವ ತಾಳ್ಮೆ ನನಗಿಲ್ಲ. ನಿನ್ನ ಮಂಡಿನೋವು ಹೇಗಿದೆಯೆಂದು ನೀನಾಗಿಯೇ ಬರೆ. ನಾನೊಂದು ಕೆಲಸ ಮಾಡಿದ್ದೇನೆ. ಬೇರೆಯವರಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಿನ್ನ ಹೊಸ ಕಾದಂಬರಿಯನ್ನು ಎರಡು ಸಲ ಓದಿದೆ. ಬಿಸಿಯಾಗುತ್ತಿರುವ ಭೂಮಿಯ ಬಗ್ಗೆ ಇಷ್ಟು ಭೀಕರವಾದ ಕಲ್ಪನೆ ಇನ್ನೊಂದಿಲ್ಲ ಎಂದು ಟೋಕಿಯೋದ ವಿಮರ್ಶಕರು ಹೊಗಳಿದ್ದಾರೆ. ಕಲ್ಪನೆಯಂತೆ! ಒಂಬತ್ತನೆಯ ಅಧ್ಯಾಯದಲ್ಲಿ ಊರಿನವರೆಲ್ಲ ನೆರೆಗೆ ಹೆದರಿ ಶಾಲೆಯ ಆಟದ ಹಾಲ್ ಸೇರುತ್ತಾರೆ, ನೀರು ಬಾಸ್ಕೆಟ್‌ಬಾಲ್ ಬಳೆಯವರೆಗೆ ಏರುತ್ತದೆ. ಆ ಹಾಲ್‌ನ ವೇದಿಕೆಯ ಪರದೆಯ ಮೇಲೆ ಮೂರು ಕೊಕ್ಕರೆಗಳಿವೆ, ಒಂದರ ಕಾಲು ಗಿಡ್ಡ. ಆ ಗಿಡ್ಡ ಕಾಲನ್ನು ಹೊಲಿದವಳು ನಾನು, ತೊಕಿಕೊ. ಶಾಲೆ ಬಿಡುವ ವರ್ಷ ನಾವೆಲ್ಲ ಸೇರಿ ಹೊಲಿದುಕೊಟ್ಟ ಪರದೆ ಅದು. ಊರಿನ ಹೆಸರು ಬದಲಾಯಿಸಿಬಿಟ್ಟರೆ ನನಗೆ ಗುರುತು ಸಿಗುವುದಿಲ್ಲವೆ?

ಪುಸ್ತಕ ಮುಚ್ಚಿದವಳೇ ನಿನಗೆ ಫೋನ್ ಮಾಡಿದೆ. "ಅದು ಕಾದಂಬರಿ ಕಣೇ ಇಕು, ಸುಮ್ನೆ ಓದ್ಕೋ" ಅಂದೆ ನೀನು. ನಾನು ಬಿಡಲಿಲ್ಲ. ಕೊನೆಗೆ ನೀನೇ, "ಊರಿನ ಹೆಸ್ರು ಬದಲಾಯ್ಸಿದೀನಿ, ಜನರ ಹೆಸ್ರು ಬದಲಾಯ್ಸಿದೀನಿ. ನೀರಿನ ಲೆಕ್ಕ ಮಾತ್ರ ಹಂಗೇ ಇದೆ" ಅಂದೆ. ಅವತ್ತಿನಿಂದ ಆ ಹಾಲ್ ಮುಂದೆ ಹಾದುಹೋಗುವಾಗ ಕಿಟಕಿಯಿಂದ ಬಳೆಯ ಎತ್ತರ ಅಳೆದು ನೋಡುತ್ತೇನೆ. ಕಾಲ್ಪನಿಕ ಪ್ರವಾಹಕ್ಕೆ ಯಾರೂ ಹಾಗೆ ಎತ್ತರ ನೋಡುವುದಿಲ್ಲ. ನದಿ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ನೀರು ಅಳೆದು, ಆಮೇಲೆ ಕಥೆ ಬರೆಯಲು ಕುಳಿತವಳ ಲೆಕ್ಕ ಅದು.

ಆ ಜಾಗ ಏನಾಗಿತ್ತೆಂದು ಊರು ಮರೆತಿದೆ, ನಾನು ಮರೆತಿಲ್ಲ. ಅಪ್ಪ ಅಲ್ಲಿ ತೊಡೆಮಟ್ಟದ ಕೆಸರಿನಲ್ಲಿ ನಿಂತು ತಾವರೆಬೇರು ಕೀಳುತ್ತಿದ್ದರು. ಮಣ್ಣು ಸುರಿದು ಶಾಲೆ ಕಟ್ಟಿದವರು ಅದಕ್ಕೆ 'ಹಸಿರು ದಿಬ್ಬ' ಎಂದು ಹೆಸರಿಟ್ಟರು. ಈಗ ನೆರೆಯ ಸೈರನ್ ಕೂಗಿದರೆ ಊರೆಲ್ಲ ಸೇರಬೇಕಾದದ್ದು ಅಲ್ಲಿನ ಹಾಲ್‌ನಲ್ಲೇ. ನಾವು ಐದನೇ ತರಗತಿಯಲ್ಲಿದ್ದಾಗ ಬಂದ ಪ್ರವಾಹ ಊರು ಮುಟ್ಟಲು ಮೂರು ದಿನ ತೆಗೆದುಕೊಂಡಿತ್ತು. ಚಾಪೆಗಳನ್ನು ಅಟ್ಟಕ್ಕೇರಿಸಿ, ಅನ್ನದ ಉಂಡೆ ಕಟ್ಟಿಕೊಂಡು, ಒಬ್ಬರನ್ನೊಬ್ಬರು ಛೇಡಿಸುತ್ತ ಗುಡ್ಡ ಹತ್ತಿದ್ದೆವು. ಈಗ ಸಮುದ್ರ ಕಾದಿದೆ. ಮೋಡಗಳು ಸಾಲುಗಟ್ಟಿ ಬಂದು ಒಂದೇ ಊರಿನ ನೆತ್ತಿಯ ಮೇಲೆ ನಿಂತುಬಿಡುತ್ತವೆ. ಹೋದ ಜುಲೈಯಲ್ಲಿ ಪಕ್ಕದ ಕಣಿವೆಯವರಿಗೆ ಸಿಕ್ಕಿದ್ದು ಮೂರು ಗಂಟೆ. ಕಲ್ಲಿದ್ದಲು ಸುಡುವುದನ್ನು ನಿಲ್ಲಿಸುತ್ತೇವೆ ಎಂದು ಭಾಷಣ ಮಾಡಿದ ಮಂತ್ರಿಗಳ ಮಾತುಗಳನ್ನೆಲ್ಲ ನಾನು ಪತ್ರಿಕೆಯಿಂದ ಕತ್ತರಿಸಿ ಇಟ್ಟಿದ್ದೇನೆ. ಮಂತ್ರಿ ಬದಲಾದಂತೆ ಗಡುವೂ ಹತ್ತು ವರ್ಷ ಮುಂದಕ್ಕೆ ಹೋಗುತ್ತದೆ.

ಹಾಗಾಗಿ ಒಂಬತ್ತನೆಯ ಅಧ್ಯಾಯದ ಎರಡು ಪುಟಗಳ ಜೆರಾಕ್ಸ್ ಮಾಡಿಸಿದೆ. ನಮ್ಮ ಕೇರಿಯಲ್ಲಿ ಮನೆಯಿಂದ ಮನೆಗೆ ಸುತ್ತುವ ಸೂಚನೆಯ ಹಲಗೆಗೆ, ಕಳೆ ಕೀಳುವ ದಿನ ಮತ್ತು ಕಸದ ವೇಳಾಪಟ್ಟಿಯ ಕೆಳಗೆ, ಅದನ್ನೂ ಸಿಕ್ಕಿಸಿದೆ. ಕಥೆ ಎಂದು ಎಲ್ಲೂ ಬರೆಯಲಿಲ್ಲ. ನಾಲ್ಕು ದಿನಕ್ಕೆ ಹಲಗೆ ವಾಪಸು ಬಂತು. ಹದಿನೆಂಟು ಮನೆ, ಹದಿನೆಂಟು ಮುದ್ರೆ. "ನೋಡಿದ್ದೇವೆ" ಎಂದು ಮುದ್ರೆಯೊತ್ತಿದವರಲ್ಲಿ ಹದಿನೇಳು ಮಂದಿ ನೋಡಿಯೇ ಇರಲಿಲ್ಲ.

ಓದಿದ್ದು ತೊಂಬತ್ತೊಂದರ ಫುಸಾ ಅಜ್ಜಿ ಒಬ್ಬರೇ. ಭೂತಗನ್ನಡಿ ಹಿಡಿದುಕೊಂಡೇ ನನ್ನ ಬಾಗಿಲಿಗೆ ಬಂದರು. "ಟೀಚರೇ, ಹಾಲ್‌ನಲ್ಲಿ ಬಳೆ ಮುಟ್ಟೋ ಹಂಗೆ ನೀರು ಬರತ್ತೆ ಅಂತ ಹಾಕಿದೀರಲ್ಲ?" ಅಂದರು. ಬರಬಹುದು ಅಜ್ಜಿ, ಅಂದೆ. "ಹಂಗಾದ್ರೆ ಈ ಸಲ ಸೈರನ್ ಕೂಗಿದ್ರೂ ನಾನ್ ಎಲ್ಲಿಗೂ ಬರಲ್ಲ ಬಿಡಿ. ಮುಳುಗೋದೇ ಆದ್ರೆ ನಮ್ಮನೇಲೇ ಮುಳುಗ್ತೀನಿ. ಅಲ್ಲಾದ್ರೆ ಎಲ್ಲರ ಮುಂದೆ ಚಡ್ಡಿ ಒದ್ದೆ ಮಾಡ್ಕೋಬೇಕು!" ಎಂದು ನಕ್ಕು ಹೋದರು. ನನಗೆ ನಗು ಬರಲಿಲ್ಲ. ಅವರ ಮನೆ ಹಾಲ್‌ಗಿಂತ ತಗ್ಗಿನಲ್ಲಿದೆ. ಗುಡ್ಡ ಹತ್ತಲಿ ಎಂದು ನಾನು ಹೆದರಿಸಿದೆ, ಅವರು ಎಲ್ಲಿಗೂ ಹೋಗದಿರಲು ತೀರ್ಮಾನಿಸಿದರು. ಅರ್ಧ ಸತ್ಯ ಹೇಳಿ ನಾನೇ ಒಬ್ಬರನ್ನು ನೀರಿಗೆ ತಳ್ಳಿದೆನೇನೋ.

ಹಾಲ್ ಬದಲು ಊರಿನವರು ಸೇರಲು ಗುಡ್ಡದ ಮೇಲಿನ ಕಿತ್ತಳೆ ಹಣ್ಣಿನ ಶೆಡ್ಡಿನ ಯಜಮಾನರು ಜಾಗ ಕೊಡಲು ಒಪ್ಪಿದ್ದಾರೆ. ಕೇರಿಯ ಸಂಘ ಒಪ್ಪಬೇಕು. ಅಧ್ಯಕ್ಷ ಕುರೊಗಿ ಎರಡು ವರ್ಷದ ಹಿಂದೆ ಊರಿಗೆ ವಾಪಸಾದವನು, ಕೆಟ್ಟವನಲ್ಲ. ಹಲಗೆಯ ಪುಟಗಳು ನಿನ್ನ ಕಾದಂಬರಿಯವೆಂದು ಒಪ್ಪಿಕೊಂಡು ನಾನು ಕೇಳಿದ್ದಕ್ಕೆ, "ಟೀಚರೇ, ಕಾದಂಬರಿ ಹಾಕಿ ಊರನ್ನ ಹೆದರಿಸ್ತೀರಾ? ಮುಂದಿನ ತಿಂಗಳು ದೆವ್ವದ ಕಥೆ ಹಾಕಿ, ಅದಕ್ಕೂ ಮುದ್ರೆ ಒತ್ತುತೀವಿ" ಅಂದ. ಶೆಡ್ಡಿನಲ್ಲಿ ಕಕ್ಕಸು ಒಂದೇ ಇದೆಯಂತೆ, ಅದೂ ಅವನ ತಕರಾರು. ಆಮೇಲೆ ಗೋಡೆಯ ಮೇಲಿನ ನೆರೆ ನಕ್ಷೆ ತೋರಿಸಿದ. "ಹಾಲ್‌ನಲ್ಲಿ ಅರ್ಧ ಮೀಟರ್ ನೀರು ಅಂತ ಬರ್ದಿದೆ. ಕೆಳಗೆ ಯಾರ ಹೆಸರಿದೆ ಓದಿ. ನಿಮ್ಮ ಫ್ರೆಂಡೇ ಅಲ್ವಾ?"

ನಿನ್ನ ಹೆಸರೇ ಇತ್ತು. ನಮ್ಮೂರ ಹುಡುಗಿ ಅಳೆದದ್ದೆಂದೇ ಇಡೀ ಊರು ಆ ನಕ್ಷೆಯನ್ನು ನಂಬಿದೆ. ನಿಜವಾದ ಅಂಕಿಯನ್ನು ಕೈಯಲ್ಲಿಟ್ಟುಕೊಂಡು, ಇಲಾಖೆಯ ಕಾಗದದಲ್ಲಿ ಅರ್ಧ ಮೀಟರ್ ಎಂದೂ ಹದಿನೈದು ವರ್ಷದ ಮೇಲೆ ಕಥೆಯಲ್ಲಿ ಬಳೆಯವರೆಗೆ ಎಂದೂ ಹೇಗೆ ಬರೆದೆ? ದೂರದ ಓದುಗರಿಗೆ ಸತ್ಯ, ಮುಳುಗುವವರಿಗೆ ಸುಳ್ಳು! ಇದನ್ನು ಸಿಟ್ಟಿಗಿಂತ ಹೆಚ್ಚು ಭಯದಿಂದ ಬರೆಯುತ್ತಿದ್ದೇನೆ.

ಜೂನ್ ೨೨ರ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಸಭೆ. ಜುಲೈಯ ದೊಡ್ಡ ಮಳೆಗೆ ಮೊದಲು ಇನ್ನೊಂದು ಸಭೆಯಿಲ್ಲ. ಬಾ. ಭಾಷಣ ಬೇಡ, ಪುಸ್ತಕ ತರಬೇಡ. ಎದ್ದು ನಿಂತು ಆ ಅಂಕಿ ಹೇಳು, ಸಾಕು.

ನಿನಗಾಗಿ ಹಾಸಿಗೆ ಬಿಸಿಲಿಗೆ ಹಾಕುತ್ತೇನೆ, ಬಿಸಿಲು ಬಂದರೆ.

ನಿನ್ನ
ಇಕುಯೊ

ಮ.ಬ.: ಲಕೋಟೆ ಅಂಟಿಸುವ ಮುನ್ನ ಮತ್ತೆ ಓದಿದೆ. ಹದಿನೈದು ವರ್ಷದ ಹಿಂದೆ, ನಕ್ಷೆ ಅಚ್ಚಾಗುವ ಮುನ್ನ, ಊರಿನಿಂದ ನಿನ್ನ ಕಚೇರಿಗೆ ಬಂದ ಐವರಲ್ಲಿ ನಾನಿರಲೇ ಇಲ್ಲವೆಂಬಂತೆ ಬರೆದಿದ್ದೇನೆ. ನೀನು ಕರಡು ನಕ್ಷೆ ಹರಡಿದ್ದೆ, ಅದರಲ್ಲಿ ನಿಜವಾದ ಅಂಕಿಯೇ ಇತ್ತು. ಇದು ಹೊರಗೆ ಬಂದರೆ ಶಾಲೆ ಮುಚ್ಚುತ್ತಾರೆ ಎಂದು ನಾಲ್ವರೂ ಗೋಗರೆದರು. ನೀನು ಅವರನ್ನು ಬಿಟ್ಟು ನನ್ನನ್ನು ನೋಡಿ, "ನೀನೇನಂತೀಯಾ ಇಕು?" ಎಂದು ಕೇಳಿದೆ. "ಯಾವತ್ತೋ ಬರೋ ಮಳೆಗೆ ಇವತ್ತೇ ಶಾಲೆ ಮುಚ್ಚಬೇಕಾ?" ಅಂದವಳು ನಾನು. ಆಮೇಲೆಯೇ ನೀನು ರಬ್ಬರ್ ಎತ್ತಿಕೊಂಡದ್ದು. ಭಾನುವಾರ ಇದನ್ನು ಮೊದಲು ನಾನೇ ಹೇಳುತ್ತೇನೆ, ನೀನು ಬಂದರೂ ಬಾರದಿದ್ದರೂ. ಆದರೆ ಅಂಕಿಯನ್ನು ನಾನು ಹೇಳಿದರೆ ಅದು ಕಥೆಯಾಗಿಯೇ ಉಳಿಯುತ್ತದೆ. ನೀನು ಹೇಳಿದರೆ ಮಾತ್ರ ಅವರು ಗುಡ್ಡ ಹತ್ತುತ್ತಾರೆ.