ಒಂದು ‘ನಮ್ಮನೆ’ಗೆ ಎಷ್ಟು ಮನೆ?

ಜನವರಿ 9
ಇವತ್ತೂ ದಂತವೈದ್ಯೆಗೆ ರಿವರ್ಸ್ ಪಾಠ, ಕೆರೆಯಂಚಿನ ಬಡಾವಣೆಯಲ್ಲೇ. ಬೇಕೆಂತಲೇ ಅಲ್ಲಿ. ‘ಮನೆ ಮಾರಾಟಕ್ಕಿದೆ’ ಬೋರ್ಡುಗಳಿವೆ. ಡ್ರೈವಿಂಗ್ ಕಲಿಸುವವನಿಗೆ ಇರುವ ಏಕೈಕ ವೈಭವ ಇದು: ಎಲ್ ಬೋರ್ಡಿನ ಕಾರಿನಲ್ಲಿ ಕುಳಿತು ಎಷ್ಟು ನಿಧಾನವಾಗಿ ಮನೆ ನೋಡಿದರೂ ಯಾರೂ ಅನುಮಾನ ಪಡುವುದಿಲ್ಲ.
“ಮೇಷ್ಟ್ರೇ, ದಿನಾ ಇದೇ ಗೇಟಿನ ಮುಂದೆ ಯಾಕೆ ನಿಲ್ಲಿಸ್ಬೇಕು?”
“ಅಭ್ಯಾಸ ಮೇಡಂ, ಅಭ್ಯಾಸ.”
ಇಳಿದು ಬ್ರೋಕರಿಗೆ ಫೋನ್. ರೇಟು ಕೇಳಿ ನನ್ನ ಎಂಜಿನ್ನೇ ಆಫ್ ಆಯಿತು.
ಮನೆಯಲ್ಲಿ ಇವಳ, ನನ್ನ ಹೆಂಡತಿಯ, ಶ್ವಾಸಕೋಶ ಅರ್ಧ ರಾಜೀನಾಮೆ ಕೊಟ್ಟಿದೆ. ಮೆಟ್ಟಿಲು ಕೂಡದು ಎಂದರು ಡಾಕ್ಟರು. ನಮ್ಮದು ಮೂರನೇ ಮಹಡಿ. ಲಿಫ್ಟು ನಕ್ಷೆಯಲ್ಲಿ ಮಾತ್ರ. ಆಸ್ಪತ್ರೆಯಿಂದ ಕುರ್ಚಿಯಲ್ಲಿ ಹೊತ್ತು ತಂದ ದಿನದಿಂದ ಇಳಿದಿಲ್ಲ. ಇದನ್ನು ಮಾರಿ, ನೆಲದ ಮೇಲೊಂದು ಮನೆ... ಅಷ್ಟಾದರೆ ಸಾಕು.
ಹತ್ತಿ ಬಂದೆ. ಎರಡನೇ ಮಹಡಿಯಲ್ಲಿ ಮಂಡಿ ಏನೋ ಅಂದಿತು. ಕೇಳಿಸಿಕೊಳ್ಳಲಿಲ್ಲ.

ಜನವರಿ 12
ಇವಳು ಹೊಸ ನಾಣ್ಯ ಟಂಕಿಸಿದ್ದಾಳೆ. ಹೆಸರು ‘ನಮ್ಮನೆ’: ಈ ಮನೆ ಮಾರಿದರೆ ಬರುವಷ್ಟು ದುಡ್ಡು. ಇಡೀ ಊರಿನ ರೇಟು ಇನ್ನು ಅದರಲ್ಲೇ. ಕೆರೆಯಂಚಿನಲ್ಲಿ ಒಂದು ನಮ್ಮನೆ ಕೊಟ್ಟರೆ ಒಂದು ಬಚ್ಚಲು, ಮುಕ್ಕಾಲು ಅಡುಗೆಮನೆ. ಹಳೇ ಪೇಟೆಯಲ್ಲಿ ಎರಡು ಕೋಣೆ, ಬಿರುಕು ಉಚಿತ — ಬಾಗಿಲಿಗೆ ಮಾತ್ರ ಎದೆಮಟ್ಟದ ಮೆಟ್ಟಿಲು. ಪೇಂಟ್ ಕಾರ್ಖಾನೆಯ ಹಿಂದೆ ಒಂದೂವರೆ ಮನೆಯೇ ಸಿಗುತ್ತದೆ.
“ಉಸಿರಾಡೋಕಾಗ್ದವಳಿಗೆ ಒಂದೂವರೆ ಮನೆ ಯಾಕ್ರೀ? ಅರ್ಧ ಸಾಕು, ಗಾಳಿ ಇರ್ಲಿ.”
ನಕ್ಕಳು. ನಗು ಕೆಮ್ಮಾಯಿತು. ಅದು ನಿಲ್ಲುವವರೆಗೆ ಮಾರುಕಟ್ಟೆ ಬಂದ್.

ಫೆಬ್ರವರಿ 3
“ಸಾರ್, ನಿಮ್ಮ ಬಜೆಟ್ಟಿಗೆ ಗ್ರೌಂಡ್ ಫ್ಲೋರ್ ಕಷ್ಟ. ಅದಕ್ಕಿಂತ ಕೆಳಗಿಂದು ತೋರಿಸ್ಲಾ?” ಎಂದ ಬ್ರೋಕರ್. ನೆಲಮಾಳಿಗೆ. ಕಿಟಕಿಯಲ್ಲಿ ಬೀದಿಯವರ ಚಪ್ಪಲಿ. “ರೋಡ್ ವ್ಯೂ ಸಾರ್.”
ಮನೆಗೆ ಬಂದರೆ ಇವಳು ತಲೆ ಬಾಚಿಕೊಂಡು ಕಾದು ಕೂತಿದ್ದಳು. “ಹೇಳಿ, ಇವತ್ತು ಎಂಥ ಮನೆ?”
ಬಾಯಿ ತನ್ನಷ್ಟಕ್ಕೇ ಹೊರಟಿತು. ಕಲಿಸುವವನ ಕಾಲಡಿಯೂ ಒಂದು ಬ್ರೇಕ್ ಇರುತ್ತದೆ. ಒತ್ತಲಿಲ್ಲ. ರೈಲ್ವೆ ಗೇಟಿನಾಚೆ ಒಂದು ಓಣಿ ಎಂದೆ. ನೆಲಕ್ಕೆ ಸಮ, ಹೊಸಿಲೂ ಇಲ್ಲ. ಮುಂದೊಂದು ಮರ.
“ಯಾವ ಮರ?”
“ಎಲೆ ಇರೋದು.”
“ರೇಟು?”
“ಸರಿಯಾಗಿ ಒಂದು ನಮ್ಮನೆ.”
ಬಹಳ ದಿನದ ಮೇಲೆ ಊಟ ಪೂರ್ತಿ ಮಾಡಿದಳು.

ಫೆಬ್ರವರಿ 11
ಇಲ್ಲದ ಮನೆಗೆ ದಿನಕ್ಕೊಂದು ಸಾಮಾನು. ಬಚ್ಚಲಿಗೆ ಹಿಡಿಕೆ ಬಂತು. ಅಡುಗೆಮನೆಗೆ ಕಿಟಕಿ. ಪರವಾನಗಿಯಿಲ್ಲದೆ ಇಷ್ಟು ಬೇಗ ಈ ಊರಿನಲ್ಲಿ ಯಾರೂ ಕಟ್ಟಿರಲಾರರು. ಕಾಲ ತಳ್ಳಲು ಓನರಿಗೆ ಮುಂಗೋಪಿ ಅಣ್ಣನೊಬ್ಬನನ್ನು ದಯಪಾಲಿಸಿದೆ. ಸಹಿ ಹಾಕಲೊಲ್ಲ.
“ಅವನ ನಂಬರ್ ಕೊಡಿ, ನಾನೇ ಮಾತಾಡ್ತೀನಿ!”
ನಿಜಕ್ಕೂ ರೈಲ್ವೆ ಗೇಟಿನಾಚೆ ಹುಡುಕಿದೆ. ಇರುವುದು ಒಂದು ಗೋಡೌನು.
“ಮೇಷ್ಟ್ರೇ, ಇದರ ಸುತ್ತ ಎಷ್ಟು ರೌಂಡು? ನಂಗೇ ತಲೆ ತಿರುಗ್ತಿದೆ,” ಎಂದರು ದಂತವೈದ್ಯೆ.

ಫೆಬ್ರವರಿ 26
ಬಂದಾಗ ಬ್ರೋಕರ್ ನಮ್ಮ ನಡುಮನೆಯಲ್ಲಿ. ಇವಳೇ ಕರೆಸಿದ್ದು. ಈ ಮನೆ ಇವಳ ಹೆಸರಿನದು. ಕೊಳ್ಳುವವರು ಸಿಕ್ಕಿದ್ದಾರೆ, ಅಗ್ರಿಮೆಂಟಿಗೆ ಸಹಿಯೂ ಆಗಿದೆ. ಏಪ್ರಿಲ್ ಕೊನೆಗೆ ಖಾಲಿ ಮಾಡಬೇಕು.
“ಒಂದು ನಮ್ಮನೆ ರೆಡಿ ಕಣ್ರೀ. ಹೋಗಿ ಆ ಮುಂಗೋಪಿ ಮುಖಕ್ಕೆ ಹಿಡೀರಿ.”
ಬ್ರೋಕರ್ ನನ್ನತ್ತ ತಿರುಗಿದ. “ಯಾವ ಮನೆ ಸಾರ್? ನನ್ನ ಕೈಲಿ ಅಂಥದ್ದಿಲ್ವಲ್ಲ?”
ಬಗ್ಗಿ ಚಪ್ಪಲಿ ಹುಡುಕತೊಡಗಿದೆ. ಕಾಲಲ್ಲೇ ಇತ್ತು.

ಮಾರ್ಚ್ 19
ಕೊನೆಗೂ ಇಳಿದಳು. ಅದೇ ಕುರ್ಚಿ, ನಾಲ್ಕು ಜನ, ಕೆಳಗೆ ಆಂಬುಲೆನ್ಸ್.
ವಾರ್ಡ್ ನೆಲಮಹಡಿಯಲ್ಲಿದೆ. “ನೋಡ್ರೀ, ಗ್ರೌಂಡ್ ಫ್ಲೋರ್ ಸಿಕ್ತು. ಬಾಡಿಗೆ ಮಾತ್ರ ಕೆರೆಯಂಚಿಂದು.”
ಪಕ್ಕದ ಬೆಡ್ಡಿನವರು ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ.

ಮಾರ್ಚ್ 22
ಮಾಸ್ಕ್. ಒಂದು ಉಸಿರಿಗೆ ಎರಡು ಮಾತು.
“ಅಡುಗೆಮನೆ ಕಿಟಕಿ... ಮೊದಲು ಪೂರ್ವಕ್ಕಿತ್ತು. ಆಮೇಲೆ... ಪಶ್ಚಿಮ.”
ಕೇಳಿದೆ: “ಯಾವಾಗ ಗೊತ್ತಾಯ್ತು?”
“ಎಲೆ ಇರೋ ಮರ... ಅಂದಾಗ್ಲೇ.”
“ಮತ್ತೆ ಸಹಿ ಯಾಕೆ ಹಾಕ್ದೆ, ಮಾರಾಯ್ತಿ?”
ಉತ್ತರಕ್ಕೆ ಉಸಿರು ಕೂಡಿಡಬೇಕಾಯಿತು.
“ನಿಮ್ಮ ಮಂಡಿ... ದಿನಾ ಕೇಳಿಸ್ತಿತ್ತು. ಎರಡನೇ ಮಹಡಿಯಿಂದ. ನಾನಿಲ್ದಿದ್ರೆ... ನೀವು ಅಲ್ಲೇ ಇರ್ತೀರಿ. ಹತ್ತುತ್ತಾ... ಇಳಿಯುತ್ತಾ.”
ಮನೆ ಹುಡುಕುತ್ತಿದ್ದದ್ದು ಯಾರಿಗೆಂದು ಇಷ್ಟು ದಿನ ನನಗೊಬ್ಬನಿಗೇ ಗೊತ್ತಿರಲಿಲ್ಲ.

ಮಾರ್ಚ್ 23
“ಆ ಮನೆ... ಹೇಳಿ” ಅಂದಳು.
ಮಾತಾಡಿಸಬೇಡಿ ಎಂದರು ನರ್ಸು. ಮಾತಾಡುವವನು ನಾನು, ಅವಳು ಬರೀ ಓನರು ಎಂದೆ.
ರೈಲ್ವೆ ಗೇಟು ದಾಟಿಸಿದೆ. ಓಣಿ. ಮುಂಗೋಪಿ ಸಹಿ ಹಾಕಿದ ಎಂದೆ, ಹುಬ್ಬು ಹಾರಿಸಿದಳು. ಕೈ ಹಿಡಿದು ಒಳಗೆ ಕರೆದೊಯ್ದೆ, ಎಲ್ ಬೋರ್ಡಿನ ವೇಗದಲ್ಲಿ. ಮೆಟ್ಟಿಲಿಲ್ಲ, ಹೊಸಿಲಿಲ್ಲ, ನಿಲ್ಲಬೇಕಾದ ಕಾರಣವೇ ಇಲ್ಲ. ನಡುಮನೆ. ಅಡುಗೆಮನೆ.
ಕಿಟಕಿ ಯಾವ ಕಡೆ ಇಡಲಿ, ನೀನೇ ಹೇಳು ಎಂದೆ.
ತೋರಿಸಲು ಬೆರಳೆತ್ತಿದಳು —